ಗಿಲ್ಡ್ ಚೆಸ್ಟಿನ ಲೆಕ್ಕ: ಶೀಟಿನಲ್ಲಿ ಇರುವ ಹಲಗೆ ಚೆಸ್ಟಿನಲ್ಲಿ ಇಲ್ಲ

ಕೋಡಿಬಾಗ_ಕಟ್ಟೆ

ಆಲ್ಬಿಯನ್ ಆನ್‌ಲೈನ್ (ಮಾಲು ಕಡಿದು ತಂದು, ಸಾಮಾನು ಮಾಡಿ ಮಾರುವ ಆನ್‌ಲೈನ್ ಆಟ) ಆಡುವವರು ಸ್ವಲ್ಪ ಇತ್ತ ನೋಡಿ. ನಮ್ಮದು ಸಣ್ಣ ಗಿಲ್ಡ್, ಅಂದರೆ ಒಟ್ಟಿಗೆ ಆಡುವವರ ಗುಂಪು. ಕಾರವಾರ, ಅಂಕೋಲಾ, ಹೊನ್ನಾವರ, ಶಿರಸಿ ಕಡೆಯವರೇ ಜಾಸ್ತಿ. ಕೆಲವರು ಮರ ಕಡಿದು ತರುತ್ತಾರೆ, ಇಬ್ಬರು ಹಲಗೆ ಮಾಡುತ್ತಾರೆ, ಒಬ್ಬ ಬಿಲ್ಲು ಮಾಡಿ ಮಾರುತ್ತಾನೆ. ಮಾಲೆಲ್ಲ ಆಟದ ಲಿಮ್‌ಹರ್ಸ್ಟ್ ಊರಿನ ಪಕ್ಕದ ಗಿಲ್ಡ್ ಐಲ್ಯಾಂಡಿನ ಚೆಸ್ಟಿಗೆ (ಎಲ್ಲರೂ ಬಳಸುವ ಪೆಟ್ಟಿಗೆಗೆ) ಬರುತ್ತದೆ. ಲೆಕ್ಕ ಒಂದು ಗೂಗಲ್ ಶೀಟಿನಲ್ಲಿ. ಅದನ್ನು ನೋಡಿಕೊಳ್ಳುವವ ನಾನು.

ತೊಂದರೆ ಏನಂದರೆ ಶೀಟು ಒಂದು ಹೇಳುತ್ತದೆ, ಚೆಸ್ಟು ಇನ್ನೊಂದು ಹೇಳುತ್ತದೆ. ಮೊನ್ನೆ ಟಿ5 (ಐದನೇ ಟಿಯರ್, ಅಂದರೆ ಐದನೇ ಮಟ್ಟದ) ಬಿಲ್ಲಿಗೆ ಅಂತ ಸೀಡರ್ ಹಲಗೆ ತೆಗೆಯಲು ಹೋದರೆ ಶೀಟಿನಲ್ಲಿದ್ದ ಅರ್ಧವೂ ಇಲ್ಲ. ಯಾರೂ ಕದ್ದಿಲ್ಲ, ಎಲ್ಲರೂ ಗೊತ್ತಿರುವವರೇ. ತೆಗೆದವರು ಬರೆದಿಲ್ಲ, ಇಲ್ಲವೇ ಬೇರೆ ಸಾಲಿನಲ್ಲಿ ಬರೆದಿದ್ದಾರೆ. ಈಗ ಇರುವ ಕ್ರಮ ಹೀಗೆ: ಒಂದು ಸಾಮಾನಿಗೆ ಒಂದು ಸಾಲು, ಪಕ್ಕದಲ್ಲಿ ‘ಇರುವುದು’ ಅಂತ ಒಂದು ಕಾಲಂ. ತಂದವರು ಹಳೇ ಅಂಕೆ ಅಳಿಸಿ ಹೊಸ ಅಂಕೆ ಹಾಕಬೇಕು.

ನನಗೆ ಬೇಕಾದ್ದು ಇಷ್ಟೇ. ಏನಿದೆ, ಮುಂದಿನ ಬಿಲ್ಲುಗಳಿಗೆ ಏನು ಬೇಕು, ಏನು ಕಡಿಮೆ ಬೀಳುತ್ತದೆ. ನಿಮ್ಮಲ್ಲಿ ಹೇಗೆ ಇಟ್ಟಿದ್ದೀರಿ?

ಬೋಟು_ಕಟ್ಟಿದವ

ನಾನು ಮರ ಕಡಿದು ಚೆಸ್ಟಿಗೆ ಎಸೆಯುವವ. ಫೋನಿನಲ್ಲಿ ಆಡುತ್ತೇನೆ. ಆಟ ಬಿಟ್ಟು ಶೀಟು ತೆಗೆದು, ಆ ಚಿಕ್ಕ ಚೌಕ ಹುಡುಕಿ ಅಂಕೆ ತಿದ್ದುವಷ್ಟರಲ್ಲಿ ಆಟದಲ್ಲಿ ಯಾರೋ ಬಂದು ನನ್ನನ್ನೇ ಕಡಿದಿರುತ್ತಾರೆ ಮಾರಾಯ್ರೆ. ಬರೆಯುವ ಕೆಲಸ ಜಾಸ್ತಿ ಆದಷ್ಟೂ ನಮ್ಮಂಥವರು ಬರೆಯುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನೊಂದು ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ಬಂದ್. ಬೈತಖೋಲ್‌ನಲ್ಲಿ ಬೋಟು ಕಟ್ಟಿ ಮನೆಯಲ್ಲಿ ಕೂತವರೆಲ್ಲ ಆಟಕ್ಕೆ ಇಳಿಯುತ್ತಾರೆ. ಆ ಎರಡು ತಿಂಗಳು ಚೆಸ್ಟು ತುಂಬಿ ತುಳುಕುತ್ತದೆ. ಆಗಲೇ ನಿಮ್ಮ ಶೀಟು ಜಾಸ್ತಿ ಕೆಡುವುದು.

ಶಿರಸಿ_ಚಾಲಿ

ಕಟ್ಟೆಯವರೇ, ನಿಮ್ಮ ಶೀಟಿನಲ್ಲಿ ಕೆಟ್ಟಿರುವುದು ಜನ ಅಲ್ಲ, ‘ಇರುವುದು’ ಅನ್ನುವ ಆ ಕಾಲಂ. ನಾನು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವವಳು. ಬಾಕಿಯನ್ನು ಯಾರೂ ಕೈಯಿಂದ ಬರೆಯಬಾರದು. ಬಂದದ್ದು ಬರೆಯಬೇಕು, ಹೋದದ್ದು ಬರೆಯಬೇಕು, ಬಾಕಿ ತಾನಾಗಿಯೇ ಬರಬೇಕು. ಅಂಕೆ ಅಳಿಸಿ ಅಂಕೆ ಹಾಕಿದರೆ ನಿನ್ನೆ ಎಷ್ಟಿತ್ತು, ಯಾರು ತೆಗೆದರು ಅನ್ನುವುದೇ ಅಳಿಸಿ ಹೋಗುತ್ತದೆ. ಗೂಗಲ್ ಶೀಟಿನ ವರ್ಷನ್ ಹಿಸ್ಟರಿ ತೆಗೆದು ಹುಡುಕಬಹುದು. ಆದರೆ ದಿನಾ ಅದನ್ನು ಹುಡುಕುತ್ತಾ ಕೂರಲು ಯಾರಿಗೆ ಪುರುಸೊತ್ತಿದೆ?

ನನ್ನ ಶೀಟಿನಲ್ಲಿ ಟ್ಯಾಬ್‌ಗಳು ಹೀಗಿವೆ. ಒಂದು ‘ಜಮಾ-ಖರ್ಚು’: ತಾರೀಕು, ಆಟಗಾರ, ಸಾಮಾನು, ಎನ್‌ಚಾಂಟ್‌ಮೆಂಟ್ (ಅದೇ ಸಾಮಾನಿನ ಮಾಂತ್ರಿಕ ದರ್ಜೆ), ಸಂಖ್ಯೆ. ತಂದರೆ ಸುಮ್ನೆ ಅಂಕೆ, ತೆಗೆದರೆ ಮೈನಸ್. ಇನ್ನೊಂದು ‘ರೆಸಿಪಿ’: ಯಾವುದಕ್ಕೆ ಏನೇನು ಎಷ್ಟು. ಇದನ್ನು ಒಮ್ಮೆ ಬರೆದರೆ ಆಟದ ಕಂಪನಿ ಬದಲಾಯಿಸುವ ತನಕ ಮುಟ್ಟುವ ಹಾಗಿಲ್ಲ. ಮೂರನೆಯದು ‘ದರ’. ನಾಲ್ಕನೆಯದರಲ್ಲಿ ಬರೀ ಫಾರ್ಮುಲಾ. ಜಮಾ-ಖರ್ಚಿನ ಮೇಲೆ ಸಮ್‌ಇಫ್ಸ್ (ಹೊಂದುವ ಸಾಲುಗಳನ್ನು ಮಾತ್ರ ಕೂಡುವ ಫಂಕ್ಷನ್) ಹಾಕಿದರೆ ಬಾಕಿ ಬರುತ್ತದೆ. ಬಾಕಿಯನ್ನು ರೆಸಿಪಿಗೆ ಹೋಲಿಸಿದರೆ ಕೊರತೆ ಬರುತ್ತದೆ. ನಾಲ್ಕನೇ ಟ್ಯಾಬನ್ನು ಲಾಕ್ ಮಾಡಿ. ಅಲ್ಲಿ ಯಾರೂ ಬೆರಳು ಇಡಬಾರದು, ನೀವೂ ಸೇರಿ.

ಬೋಟಿನವರು ಹೇಳಿದ್ದು ನಿಜ. ಕಡಿಯುವವರ ಕೈಯಲ್ಲಿ ಬರೆಸಲೇಬೇಡಿ. ಗಿಲ್ಡ್ ಚೆಸ್ಟಿಗೆ ಲಾಗ್ ಇದೆ ಅಲ್ವಾ? ಯಾರು, ಯಾವಾಗ, ಏನು, ಎಷ್ಟು ಹಾಕಿದರು, ತೆಗೆದರು ಅಂತ ಅದೇ ಬರೆದಿಟ್ಟುಕೊಳ್ಳುತ್ತದೆ. ಪೀಸಿಯಲ್ಲಿ ಅದನ್ನು ಕಾಪಿ ಮಾಡಿ ಶೀಟಿನಲ್ಲಿ ಪೇಸ್ಟ್ ಮಾಡಿದರೆ ಕಾಲಂಗಳು ತಾವಾಗಿಯೇ ಬೇರೆ ಬೇರೆಯಾಗಿ ಕೂರುತ್ತವೆ. ವಾರಕ್ಕೊಮ್ಮೆ ಒಬ್ಬರು ಮಾಡಿದರೆ ಸಾಕು.

ಕೋಡಿಬಾಗ_ಕಟ್ಟೆ

ಲಾಗ್ ಕಾಪಿ ಆಗುತ್ತದೆ ಅನ್ನುವುದು ನೋಡಿದ್ದೆ. ಆದರೆ ಎರಡು ಸಲ ಪೇಸ್ಟ್ ಆದರೆ? ಹೋದ ವಾರದ ಕೊನೆಯ ಸಾಲು ಎಲ್ಲಿಗೆ ನಿಂತಿತು ಅಂತ ನೆನಪಿಡುವುದು ಹೇಗೆ?

ಹೊನ್ನಾವರ_ಹೊಳೆ

ನೆನಪಿಡುವುದೇ ಬೇಡ. ಹಸಿ ಲಾಗ್‌ಗೆ ಒಂದು ಟ್ಯಾಬ್ ಇಡಿ. ಎಷ್ಟು ಸಲ ಬೇಕಾದರೂ ಪೇಸ್ಟ್ ಮಾಡಿ. ಪಕ್ಕದ ಟ್ಯಾಬಿನಲ್ಲಿ ಯುನೀಕ್ ಫಂಕ್ಷನ್ ಹಾಕಿ ಒಂದೇ ಥರದ ಸಾಲುಗಳನ್ನು ಒಂದಾಗಿಸಿ. ಸಮಯ, ಆಟಗಾರ, ಸಾಮಾನು, ಸಂಖ್ಯೆ ನಾಲ್ಕೂ ಒಂದೇ ಆಗಿರುವ ಎರಡು ನಿಜವಾದ ಸಾಲು ಸಿಗುವುದು ಅಪರೂಪ.

ತಾರೀಕಿನ ಬಗ್ಗೆ ಮಾತ್ರ ಹುಷಾರು. ಶೀಟಿನ ಲೊಕೇಲ್ (ಯಾವ ದೇಶದ ಕ್ರಮ ಅನ್ನುವ ಸೆಟ್ಟಿಂಗ್) ಭಾರತ ಅಂತ ಇಟ್ಟಿದ್ದರೆ ಅದು ದಿನ ಮೊದಲು, ತಿಂಗಳು ಆಮೇಲೆ ಅಂತ ಓದುತ್ತದೆ. ಪೇಸ್ಟ್ ಆದ ಲಾಗಿನಲ್ಲಿ ತಿಂಗಳು ಮೊದಲಿದ್ದರೆ ಜೂನ್ 7 ಹೋಗಿ ಜುಲೈ 6 ಆಗುತ್ತದೆ. 12ನೇ ತಾರೀಕು ದಾಟಿದ ಮೇಲೆ ಅದು ತಾರೀಕೇ ಅಲ್ಲ ಅಂತ ಎಡಗಡೆಗೆ ಸರಿದು ಕೂರುತ್ತದೆ. ಎಡಕ್ಕೆ ಕೂತ ತಾರೀಕು ಕಂಡರೆ ಲೊಕೇಲ್ ನೋಡಿ ಅಂತ ಅರ್ಥ. ಮತ್ತೆ ಆಟದ ಗಡಿಯಾರ ಯುಟಿಸಿ. ನಮ್ಮ ಸಮಯ ಬೇಕೆಂದರೆ ಅದಕ್ಕೆ 5 ಗಂಟೆ 30 ನಿಮಿಷ ಸೇರಿಸಬೇಕು. ಇಲ್ಲದಿದ್ದರೆ ಇಲ್ಲಿ ಬೆಳಗಿನ ಜಾವ ಹಾಕಿದ್ದು ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ.

ಕಟ್ಟೆಣ್ಣ, ನಿನ್ನ ಶೀಟಿನ ಲಿಂಕ್ ನನಗೂ ಕಳಿಸಿದ್ದೆಯಲ್ಲ, ಈಗ ತೆಗೆದು ನೋಡಿದೆ. ಸಾಮಾನಿನ ಹೆಸರನ್ನು ಕನ್ನಡದಲ್ಲಿ ಬರೆದಿದ್ದೀರಿ, ಚಂದವೇ. ಆದರೆ ‘ಪೈನ್ ಹಲಗೆ’ ಅಂತ ಮೂರು ಸಾಲು ಇದೆ! ನೋಡಲು ಮೂರೂ ಒಂದೇ. ಒಂದರ ಕೊನೆಗೆ ಒಂದು ಖಾಲಿ ಸ್ಪೇಸ್ ಇದೆ. ಇನ್ನೊಂದರಲ್ಲಿ ನಡುವೆ ಕಣ್ಣಿಗೆ ಕಾಣದ ಜೋಡಕ ಅಕ್ಷರ ಒಂದಿದೆ. ಕೆಲವು ಕೀಬೋರ್ಡ್‌ಗಳಲ್ಲಿ ಅರ್ಧಾಕ್ಷರ ಹೊಡೆದಾಗ ಅದು ತಾನಾಗಿಯೇ ಬಂದು ಕೂರುತ್ತದೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಸಾಮಾನು. ವಿಲುಕಪ್ (ಹೆಸರು ಕೊಟ್ಟರೆ ಅದರ ಸಾಲು ಹುಡುಕುವ ಫಂಕ್ಷನ್) ಅಕ್ಷರಕ್ಕೆ ಅಕ್ಷರ ಹೊಂದುವುದನ್ನು ಮಾತ್ರ ಹಿಡಿಯುತ್ತದೆ. ಟ್ರಿಮ್ ಹಾಕಿದರೆ ಖಾಲಿ ಸ್ಪೇಸ್ ಹೋಗುತ್ತದೆ, ಆ ಜೋಡಕ ಹೋಗುವುದಿಲ್ಲ.

ಮದ್ದು ಏನೆಂದರೆ ಹೆಸರನ್ನು ಯಾರೂ ಟೈಪ್ ಮಾಡುವ ಹಾಗೇ ಇರಬಾರದು. ಡ್ರಾಪ್‌ಡೌನ್ ಕೊಡಿ, ಪಟ್ಟಿಯಿಂದ ಆರಿಸಲಿ. ಒಳಗಡೆ ಆಟದ ಐಟಂ ಕೋಡ್ ಇರಲಿ, ಟಿ4 ಪ್ಲ್ಯಾಂಕ್ಸ್, ಟಿ5 ವುಡ್ ಅಂತೆಲ್ಲ ಇರುತ್ತದಲ್ಲ, ಅದು. ಕನ್ನಡ ಹೆಸರು ಬರೀ ತೋರಿಸುವುದಕ್ಕೆ. ಲಾಗಿನಲ್ಲಿ ಎನ್‌ಚಾಂಟ್‌ಮೆಂಟ್ ಬೇರೆ ಕಾಲಂ ಆಗಿ ಬರುವುದರಿಂದ ಹೆಸರು ಮತ್ತು ಅದನ್ನು ಜೋಡಿಸಿ ಒಂದು ಕೀ ಮಾಡಿಕೊಳ್ಳಿ. ಇಲ್ಲದಿದ್ದರೆ ಎನ್‌ಚಾಂಟ್ ಆದ 4.1 ದಿಮ್ಮಿಯನ್ನೂ ಸಾದಾ 4 ದಿಮ್ಮಿಯನ್ನೂ ಒಟ್ಟಿಗೆ ಎಣಿಸಿ, ಇದೆ ಇದೆ ಅಂತ ಖುಷಿಪಡುತ್ತೀರಿ.

ಕರಿ_ಇಶಾಡು

ಅಂಕೋಲೆಯಿಂದ ನಾನು. ಎಣಿಕೆಯ ಮಟ್ಟಿಗೆ ಎಲ್ಲ ಸರಿ. ಆದರೆ ಆ ‘ದರ’ ಟ್ಯಾಬ್ ಎಂತಕ್ಕೆ? ಕೊಂಡದ್ದಕ್ಕೆ ದರ ಹಾಕಿ, ಒಪ್ಪುತ್ತೇನೆ. ಕಾಡಿಗೆ ಹೋಗಿ ನಾನೇ ಕಡಿದು ತಂದದ್ದಕ್ಕೂ ದರ ಹಾಕುತ್ತಾರೆ ಕೆಲವರು. ಅದು ಪುಕ್ಕಟೆ ಅಲ್ವಾ? ನನ್ನ ಸೀಡರ್ ದಿಮ್ಮಿಗೆ ನಾನು ಸೊನ್ನೆ ಹಾಕುತ್ತೇನೆ. ಹಲಗೆ ಮಾರಿದ ದುಡ್ಡು ಪೂರ್ತಿ ಲಾಭ.

ಶಿರಸಿ_ಚಾಲಿ

ಇದೊಂದು ಮಾತಿಗೆ ಇಡೀ ಗಿಲ್ಡ್ ಮುಳುಗುತ್ತದೆ ತಮ್ಮಾ.

ನಮ್ಮ ಕಡೆ ತೋಟ ಇರುವವರನ್ನು ಕೇಳಿ ನೋಡು. ಕೊನೆ ಇಳಿಸಿದ ದಿನ ಹಸಿ ಅಡಿಕೆಯನ್ನೇ ಟೆಂಡರ್‌ಗೆ ಕೊಡಬಹುದು. ಸುಲಿದು ಬೇಯಿಸಿ ಒಣಗಿಸಿ ರಾಶಿ ಮಾಡಬಹುದು. ಇಲ್ಲ ಹಣ್ಣಡಿಕೆ ಆಗಲು ಬಿಟ್ಟು, ಅಂಗಳದಲ್ಲಿ ತಿಂಗಳಿಗೂ ಮಿಕ್ಕಿ ಒಣಗಿಸಿ ಚಾಲಿ ಮಾಡಬಹುದು. ಚಾಲಿ ಮಾರಿದ ದುಡ್ಡನ್ನು ಪೂರ್ತಿ ಲಾಭ ಅಂತ ಯಾರಾದರೂ ಹೇಳುತ್ತಾರಾ? ಹಸಿ ಅಡಿಕೆಗೆ ಅವತ್ತು ಎಷ್ಟು ಸಿಗುತ್ತಿತ್ತೋ ಅದನ್ನು ಕಳೆದು, ಸುಲಿಸಿದ ಕೂಲಿ ಕಳೆದು ಏನು ಉಳಿಯಿತೋ ಅದು ಚಾಲಿ ಮಾಡಿದ್ದಕ್ಕೆ ಸಿಕ್ಕ ಲಾಭ. ತೋಟ ನಮ್ಮದೇ ಆದರೂ ಅಷ್ಟೇ.

ಈಗ ಆಟಕ್ಕೆ ಬಾ. ಅಂಕೆಗಳು ಬರೀ ಉದಾಹರಣೆಗೆ. ಸೀಡರ್ ದಿಮ್ಮಿ ಒಂದನ್ನು ಹಾಗೇ ಮಾರಿದರೆ ಎಲ್ಲ ಕಳೆದು ಕೈಗೆ 200 ಸಿಲ್ವರ್ (ಆಟದ ದುಡ್ಡು) ಬರುತ್ತದೆ ಅಂತ ಇಟ್ಟುಕೋ. ಪೈನ್ ಹಲಗೆ 400ಕ್ಕೆ ಕೊಳ್ಳಬೇಕು. ಒಂದು ಸೀಡರ್ ಹಲಗೆಗೆ ಮೂರು ಸೀಡರ್ ದಿಮ್ಮಿ, ಒಂದು ಪೈನ್ ಹಲಗೆ ಬೇಕು. ಒಟ್ಟು 1000. ಮರಕ್ಕೆ ಬೋನಸ್ ಇಲ್ಲದ ಊರಿನಲ್ಲಿ ಹಾಕಿದ್ದರಲ್ಲಿ ಸರಾಸರಿ 15.2 ಶೇಕಡಾ ಮಾಲನ್ನು ಆಟವೇ ವಾಪಸ್ ಕೊಡುತ್ತದೆ, ಅಂದರೆ ನಿಜವಾದ ಖರ್ಚು 848. ಹಲಗೆಯನ್ನು 800ಕ್ಕೆ ಮಾರಲು ಇಟ್ಟರೆ ಆರ್ಡರ್ ಹಾಕಿದ್ದಕ್ಕೆ 2.5 ಶೇಕಡಾ, ಪ್ರೀಮಿಯಂ (ದುಡ್ಡು ಕೊಟ್ಟು ಪಡೆಯುವ ಸದಸ್ಯತ್ವ) ಇದ್ದರೂ ತೆರಿಗೆ 4 ಶೇಕಡಾ ಹೋಗುತ್ತದೆ. ಕೈಗೆ 748. ನೂರು ಸಿಲ್ವರ್ ನಷ್ಟ, ಪ್ರತಿ ಹಲಗೆಗೆ.

ನಿನ್ನ ಶೀಟು ಏನು ಹೇಳುತ್ತದೆ? ದಿಮ್ಮಿಗೆ ಸೊನ್ನೆ. ಪೈನ್ ಹಲಗೆಯದ್ದು ವಾಪಸ್ ಕಳೆದು 339. ಕೈಗೆ ಬಂದದ್ದು 748. ಹಾಗಾಗಿ ಲಾಭ 409! ಹಲಗೆ ಮಾಡಿದಷ್ಟೂ ನೀನು ಸೋಲುತ್ತಾ ಇರುತ್ತೀಯ, ಶೀಟು ಬೆನ್ನು ತಟ್ಟುತ್ತಾ ಇರುತ್ತದೆ. ಪ್ರೀಮಿಯಂ ಇಲ್ಲದವರಿಗೆ ತೆರಿಗೆ 8 ಶೇಕಡಾ, ಅವರ ಗತಿ ಇನ್ನೂ ಕಷ್ಟ. ಇದರ ಮೇಲೆ ಅಂಗಡಿಯ ಫೀ ಬೇರೆ.

ಕರಿ_ಇಶಾಡು

ಅಕ್ಕಾ, ಲೆಕ್ಕ ಸರಿ ಇದೆ, ಒಪ್ಪಿದೆ. ಆದರೆ ಒಂದು ಮಾತು. ‘ಹಾಗೇ ಮಾರಿದರೆ 200’ ಅನ್ನುತ್ತೀರಲ್ಲ, ಮಾರ್ಕೆಟ್ಟಿನಲ್ಲಿ 200 ಅಂತ ಬೋರ್ಡ್ ಇರುತ್ತದೆ ಅಷ್ಟೇ. ಎನ್‌ಚಾಂಟ್ ಆದ ಮೇಲ್ಮಟ್ಟದ ದಿಮ್ಮಿ ಇಟ್ಟು ನೋಡಿ. ದಿನಗಟ್ಟಲೆ ಹಾಗೇ ಕೂರುತ್ತದೆ. ಅಷ್ಟರಲ್ಲಿ ಇನ್ನೊಬ್ಬ ಒಂದು ಸಿಲ್ವರ್ ಕಡಿಮೆ ಮಾಡಿ ಮುಂದೆ ನಿಲ್ಲುತ್ತಾನೆ. ಸಿಗದ ದರವನ್ನು ಖರ್ಚು ಅಂತ ಹಾಕಿಕೊಂಡು ನಾನೇಕೆ ಕೂರಲಿ? ಮತ್ತೆ ಹಲಗೆ ಮಾಡಿದರೆ ಫೇಮ್ (ಅನುಭವದ ಅಂಕ) ಬರುತ್ತದೆ, ಮುಂದಿನ ಟಿಯರ್ ಬಿಚ್ಚುತ್ತದೆ. ಅದಕ್ಕೆ ನಿಮ್ಮ ಶೀಟಿನಲ್ಲಿ ಕಾಲಂ ಇದೆಯಾ?

ಶಿರಸಿ_ಚಾಲಿ

ಮೊದಲನೆಯದು ಒಳ್ಳೆಯ ಪ್ರಶ್ನೆ. ಹಾಗಿದ್ದರೆ ಮಾರುವವರು ಹಾಕಿದ ದರ ತೆಗೆದುಕೊಳ್ಳಬೇಡ, ಕೊಳ್ಳುವವರು ಹಾಕಿದ ಬೈ ಆರ್ಡರ್ ದರ ತೆಗೆದುಕೋ. ಅದು ಈ ಕ್ಷಣ ಕೈಗೆ ಸಿಗುವ ದುಡ್ಡು, ತೆರಿಗೆ ಒಂದನ್ನು ಕಳೆದರೆ ಆಯಿತು. ಟಿ4, ಟಿ5 ಸಾದಾ ದಿಮ್ಮಿ ಬೇಗ ಖರ್ಚಾಗುತ್ತದೆ, ಅಲ್ಲಿ ಮಾರುವ ದರ ಹಿಡಿದರೂ ನಡೆಯುತ್ತದೆ. ಕೂತು ಹೋಗುವ ಮಾಲಿಗೆ ಬೈ ಆರ್ಡರ್ ದರ. ಅದೂ ಇಲ್ಲದ ಮಾಲಿಗೆ ನೀನು ಹೇಳುವ ಸೊನ್ನೆಯೇ ಸರಿ, ಆದರೆ ಅಂಥದ್ದು ತೀರಾ ಕಡಿಮೆ.

ಫೇಮ್‌ಗೆ ಕಾಲಂ ಇಲ್ಲ. ಬೇಕಾದರೆ ಇಷ್ಟು ನಷ್ಟ ತಿಂದು ಕಲಿಯುತ್ತೇನೆ ಅಂತ ತೀರ್ಮಾನ ಮಾಡು. ಆದರೆ ನಷ್ಟ ಎಷ್ಟು ಅಂತ ಕಣ್ಣಿಗೆ ಕಾಣಲಿ.

ದೇವಿಮನೆ_ತಿರುವು

ನಾನು ಗಿಲ್ಡಿನ ಎತ್ತು ಹೊಡೆಯುವವ, ಊರಿಂದ ಊರಿಗೆ ಮಾಲು ಸಾಗಿಸುವವ. ಆಟದ ಹೊರಗೂ ಲಾರಿ ಬಾಡಿಗೆಯದ್ದೇ ವ್ಯವಹಾರ, ಕುಮಟಾ-ಶಿರಸಿ. ಇಶಾಡು, ನಿನಗೆ ಅಕ್ಕ ಹೇಳಿದ ನಷ್ಟಕ್ಕೆ ಕಾರಣ ದರ ಅಲ್ಲ, ಊರು.

ಈ ಆಟದಲ್ಲಿ ಊರಿಗೊಂದು ಮಾರ್ಕೆಟ್, ಒಂದರದ್ದು ಇನ್ನೊಂದಕ್ಕೆ ಕಾಣುವುದಿಲ್ಲ. ಮತ್ತೆ ಊರಿಗೊಂದು ಬೋನಸ್. ಮರ ಫೋರ್ಟ್ ಸ್ಟರ್ಲಿಂಗಿನಲ್ಲಿ, ನಾರು ಲಿಮ್‌ಹರ್ಸ್ಟಿನಲ್ಲಿ, ಅದಿರು ಥೆಟ್‌ಫೋರ್ಡಿನಲ್ಲಿ, ಚರ್ಮ ಮಾರ್ಟ್‌ಲಾಕಿನಲ್ಲಿ, ಕಲ್ಲು ಬ್ರಿಜ್‌ವಾಚಿನಲ್ಲಿ. ಬೇಕೆಂದೇ ಹೀಗೆ ಮಾಡಿದ್ದಾರೆ. ಕಾಡು ಇರುವುದು ಲಿಮ್‌ಹರ್ಸ್ಟ್ ಸುತ್ತ, ಹಲಗೆ ಮಾಡಬೇಕಾದ್ದು ಹಿಮದ ಊರಲ್ಲಿ. ಮತ್ತೆ ಬಿಲ್ಲಿಗೆ ಬೋನಸ್ ಇರುವುದು ವಾಪಸ್ ಲಿಮ್‌ಹರ್ಸ್ಟಿನಲ್ಲಿ! ಹೊರುವವನಿಗೆ ಕೆಲಸ ಬೇಕಲ್ಲ.

ಫೋರ್ಟ್ ಸ್ಟರ್ಲಿಂಗಿನಲ್ಲಿ ಫೋಕಸ್ (ವಾಪಸ್ ಹೆಚ್ಚಿಸಲು ಖರ್ಚು ಮಾಡುವ ಅಂಕ) ಇಲ್ಲದೆಯೇ 36.7 ಶೇಕಡಾ ವಾಪಸ್. ಅದೇ ಹಲಗೆಗೆ ಖರ್ಚು 848 ಅಲ್ಲ, 633. ಕೈಗೆ ಬರುವುದು ಅದೇ 748 ಅಂದರೂ 115 ಲಾಭ.

ಇನ್ನು ಮಜಾ ಇರುವುದು ಕೆಳಗಿನ ಟಿಯರ್‌ಗಳಲ್ಲಿ. ಎಲ್ಲರೂ ವಾಪಸನ್ನು ಮೇಲಿನ ಹಂತಕ್ಕೆ ಮಾತ್ರ ಹಾಕುತ್ತಾರೆ. ಸೀಡರ್ ಹಲಗೆಗೆ ಪೈನ್ ಹಲಗೆ ಬೇಕು. ಪೈನ್ ಹಲಗೆಗೆ ಎರಡು ಪೈನ್ ದಿಮ್ಮಿ, ಒಂದು ಚೆಸ್ಟ್‌ನಟ್ ಹಲಗೆ. ಚೆಸ್ಟ್‌ನಟ್ ಹಲಗೆಗೆ ಎರಡು ದಿಮ್ಮಿ, ಒಂದು ಬರ್ಚ್ ಹಲಗೆ. ಬರ್ಚ್ ಹಲಗೆಗೆ ಒಂದೇ ಬರ್ಚ್ ದಿಮ್ಮಿ. ಪ್ರತಿ ಹಂತದಲ್ಲೂ ಹಾಕಿದ್ದೆಲ್ಲದರ ಪಾಲು ವಾಪಸ್ ಬರುತ್ತದೆ, ಕೆಳಗಿನ ಹಲಗೆಯದ್ದೂ.

ವಾಪಸ್ಸೇ ಇಲ್ಲ ಅಂದುಕೊಂಡರೆ 100 ಸೀಡರ್ ಹಲಗೆಗೆ ಸೀಡರ್ ದಿಮ್ಮಿ 300, ಪೈನ್ 200, ಚೆಸ್ಟ್‌ನಟ್ 200, ಬರ್ಚ್ 100. ಪೂರ್ತಿ ಫೋರ್ಟ್ ಸ್ಟರ್ಲಿಂಗಿನಲ್ಲೇ ಮಾಡಿದರೆ ಸೀಡರ್ 190, ಪೈನ್ 80, ಚೆಸ್ಟ್‌ನಟ್ 51, ಬರ್ಚ್ 16. ನೋಡಿ, ಬರ್ಚ್ ಆರನೇ ಒಂದು ಪಾಲಿಗೆ ಇಳಿಯಿತು. ಒಂದೊಂದು ಹಂತ ಇಳಿದ ಹಾಗೆ 0.633ರಿಂದ ಇನ್ನೊಮ್ಮೆ ಗುಣಿಸುವುದರಿಂದ ಹಾಗಾಗುವುದು. ಬೋನಸ್ ಇಲ್ಲದ ಊರಿನಲ್ಲಿ ಮಾಡಿದರೆ 254, 144, 122, 52. ಇದನ್ನು ಲೆಕ್ಕ ಹಾಕದೆ ಗಿಲ್ಡಿನವರಿಗೆ 300, 200, 200, 100 ತನ್ನಿ ಅಂತ ಹೇಳಿದರೆ ಚೆಸ್ಟಿನಲ್ಲಿ ಬರ್ಚ್ ಕೊಳೆಯುತ್ತದೆ, ಸೀಡರ್ ಸಾಲುವುದಿಲ್ಲ. ನಿಮ್ಮಲ್ಲಿ ಹಾಗೇ ಆಗಿದೆ ಅಂತ ನನ್ನ ಅನುಮಾನ.

ಕೋಡಿಬಾಗ_ಕಟ್ಟೆ

ತಿರುವಣ್ಣ, ಚೆಸ್ಟು ನೋಡಿಯೇ ಹೇಳಿದ ಹಾಗಿದೆ. ಬರ್ಚ್ ಯಾರಿಗೂ ಬೇಡದಷ್ಟು ಇದೆ.

ಒಂದು ಅನುಮಾನ. 190 ಸೀಡರ್ ಸಾಕು ಅಂದರೆ, 190 ಕೈಯಲ್ಲಿಟ್ಟುಕೊಂಡು ಹೋದರೆ 100 ಹಲಗೆ ಮಾಡಲು ಆಗುತ್ತದಾ? ಒಂದು ಹಲಗೆಗೆ ಮೂರು ಹಾಕಲೇಬೇಕಲ್ಲ.

ದೇವಿಮನೆ_ತಿರುವು

ಒಂದೇ ಸಲಕ್ಕೆ ಆಗುವುದಿಲ್ಲ, ಸುತ್ತು ಸುತ್ತಾಗಿ ಆಗುತ್ತದೆ. 190ರಲ್ಲಿ 63 ಹಲಗೆ. ಸುಮಾರು 69 ದಿಮ್ಮಿ ವಾಪಸ್, ಅದರಲ್ಲಿ 23. ಮತ್ತೆ 25 ವಾಪಸ್, ಅದರಲ್ಲಿ 8. ಆಮೇಲೆ 3, ಆಮೇಲೆ 1. ಹೀಗೆ 98ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಒಂದೆರಡು ದಿಮ್ಮಿ ಚಿಲ್ಲರೆ ಉಳಿಯುತ್ತದೆ. ಶೀಟಿನಲ್ಲಿ ಕೊನೆಗೆ ಸ್ವಲ್ಪ ಮೇಲೆ ಹಿಡಿದುಕೊಳ್ಳಿ, ಅಷ್ಟೇ. ವಾಪಸ್ ಅನ್ನುವುದು ಸರಾಸರಿ. ದೊಡ್ಡ ಕಂತಿನಲ್ಲಿ ಲೆಕ್ಕಕ್ಕೆ ಹತ್ತಿರ ಬರುತ್ತದೆ, ಸಣ್ಣ ಕಂತಿನಲ್ಲಿ ಹೆಚ್ಚುಕಡಿಮೆ ಆಗುತ್ತದೆ.

ಫೋಕಸ್ ಹಾಕಿದರೆ ಅಲ್ಲೇ 53.9 ಶೇಕಡಾ. ಆದರೆ ಪ್ರೀಮಿಯಂನವರಿಗೂ ದಿನಕ್ಕೆ 10,000 ಫೋಕಸ್ ಮಾತ್ರ, 30,000ಕ್ಕಿಂತ ಜಾಸ್ತಿ ಕೂಡುವುದಿಲ್ಲ. ಅದನ್ನೂ ಒಂದು ಕಚ್ಚಾ ಮಾಲು ಅಂತಲೇ ತಿಳಿದು ಕಾಲಂ ಇಡಿ: ಒಂದು ಫೋಕಸ್‌ಗೆ ಎಷ್ಟು ಸಿಲ್ವರ್ ಉಳಿಯಿತು ಅಂತ. ಯಾವುದಕ್ಕೆ ಜಾಸ್ತಿ ಬರುತ್ತದೋ ಅದಕ್ಕೆ ಮಾತ್ರ ಫೋಕಸ್ ಖರ್ಚು ಮಾಡಿ.

ಜೀಟಾ_ಸಂತೆ

ನಿಮ್ಮ ಆಟ ನಾನು ಆಡಿಲ್ಲ, ಈವ್ ಆನ್‌ಲೈನ್ ಅನ್ನುವ ಬಾಹ್ಯಾಕಾಶದ ಆಟದವ. ಕೈಗಾ ಕ್ವಾರ್ಟರ್ಸಿನಲ್ಲಿ ನನ್ನ ಥರದ ಒಬ್ಬಿಬ್ಬರು ಇದ್ದೇವೆ. 2003ರ ಆಟ, ಐಸ್‌ಲ್ಯಾಂಡ್‌ನ ಕಂಪನಿಯದ್ದು. ಅದನ್ನು ಜನ ತಮಾಷೆಗೆ ‘ಸ್ಪ್ರೆಡ್‌ಶೀಟ್ಸ್ ಇನ್ ಸ್ಪೇಸ್’ ಅಂತಲೇ ಕರೆಯುವುದು. ಕಂಪನಿಯವರು ಅದನ್ನೇ ನಿಜ ಮಾಡಿ 2022ರಲ್ಲಿ ಮೈಕ್ರೋಸಾಫ್ಟ್ ಜೊತೆ ಸೇರಿ ಎಕ್ಸೆಲ್‌ಗೆ ಆಡ್-ಇನ್ ತರುತ್ತೇವೆ ಅಂತ ಘೋಷಿಸಿದರು. ತಂದರು ಕೂಡ.

ಹೇಳಲು ಬಂದದ್ದು ರೌಂಡಿಂಗ್ ಬಗ್ಗೆ. ನಮ್ಮಲ್ಲಿ ಬ್ಲೂಪ್ರಿಂಟ್ (ವಸ್ತು ಮಾಡುವ ನಕ್ಷೆ) ಪೂರ್ತಿ ಸುಧಾರಿಸಿದರೆ ಮಾಲು 10 ಶೇಕಡಾ ಕಡಿಮೆ ಸಾಕು. ಒಂದು ಭಾಗಕ್ಕೆ 5 ಬೇಕು ಅಂದರೆ 4.5 ಆಯಿತು. ಅರ್ಧ ಕೊಡಲು ಆಗುವುದಿಲ್ಲ, ಮೇಲಕ್ಕೆ ಏರಿಸಿ 5 ತೆಗೆದುಕೊಳ್ಳುತ್ತದೆ. ಆದರೆ ಆ ಏರಿಸುವುದು ಒಂದೊಂದು ವಸ್ತುವಿಗೆ ಅಲ್ಲ, ಇಡೀ ಜಾಬ್‌ಗೆ (ಒಂದು ಸಲಕ್ಕೆ ಹಾಕುವ ಕೆಲಸಕ್ಕೆ) ಒಮ್ಮೆ. ಹತ್ತನ್ನು ಹತ್ತು ಜಾಬ್ ಮಾಡಿ ಹಾಕಿದರೆ 50 ಬೇಕು. ಒಂದೇ ಜಾಬಿನಲ್ಲಿ ಹತ್ತು ಹಾಕಿದರೆ 45. ಒಂದಕ್ಕೆ ಒಂದೇ ಬೇಕಾದ ಸಾಮಾನಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ.

ಆದ್ದರಿಂದ ಯಾವ ಆಟವೇ ಆಗಲಿ, ಶೀಟಿನಲ್ಲಿ ರೌಂಡ್‌ಅಪ್ ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ಪ್ರತಿ ಸಾಲಿನಲ್ಲೂ ಹಾಕಿದರೆ ಚಿಲ್ಲರೆ ಸೇರಿ ಸೇರಿ ಕೊನೆಗೆ ದೊಡ್ಡ ವ್ಯತ್ಯಾಸ. ಆಟ ಎಲ್ಲಿ ಹಾಕುತ್ತದೋ ಅಲ್ಲಿ ಮಾತ್ರ ಹಾಕಿ.

ಬೋಟು_ಕಟ್ಟಿದವ

ದರ ಎಲ್ಲಿಂದ ತರುತ್ತೀರಿ ಮಾರಾಯ್ರೆ? ದಿನಾ ಐದು ಊರು ತಿರುಗಿ ಬರೆದುಕೊಳ್ಳಲು ಆಗುತ್ತದಾ?

ಹೊನ್ನಾವರ_ಹೊಳೆ

ಅದಕ್ಕೆ ಆಲ್ಬಿಯನ್ ಆನ್‌ಲೈನ್ ಡೇಟಾ ಪ್ರಾಜೆಕ್ಟ್ ಇದೆ, ಆಟಗಾರರೇ ನಡೆಸುವುದು. ಕೆಲವರು ಪೀಸಿಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಂಡಿರುತ್ತಾರೆ. ಅವರು ಆಟದಲ್ಲಿ ಮಾರ್ಕೆಟ್ ತೆರೆದು ನೋಡಿದ ದರಗಳು ಅಲ್ಲಿಗೆ ಹೋಗಿ ಸೇರುತ್ತವೆ. ಎಪಿಐ (ಶೀಟು, ಪ್ರೋಗ್ರಾಂಗಳು ನೇರವಾಗಿ ಓದುವ ದಾರಿ) ಮೂಲಕ ಯಾರು ಬೇಕಾದರೂ ತೆಗೆಯಬಹುದು. ಎಕ್ಸೆಲ್ ಇದ್ದವರಿಗೆ ಪವರ್ ಕ್ವೆರಿ ನೇರವಾಗಿ ಓದುತ್ತದೆ. ಗೂಗಲ್ ಶೀಟಿಗೆ ಜೇಸನ್ (ಎಪಿಐ ಡೇಟಾ ಕೊಡುವ ರೂಪ) ಓದುವ ಫಂಕ್ಷನ್ ಒಳಗೇ ಇಲ್ಲ, ಆ್ಯಪ್ಸ್ ಸ್ಕ್ರಿಪ್ಟಿನಲ್ಲಿ ಸಣ್ಣದೊಂದು ಬರೆಯಬೇಕು. ನನ್ನ ಹತ್ತಿರ ಇದೆ, ಕಳಿಸುತ್ತೇನೆ.

ಆದರೆ ಅದನ್ನು ಕಣ್ಣು ಮುಚ್ಚಿ ನಂಬಬೇಡಿ. ಅಲ್ಲಿರುವ ದರ ಕೊನೆಯದಾಗಿ ಯಾರೋ ನೋಡಿದಾಗಿನದ್ದು. ಜನ ಜಾಸ್ತಿ ಓಡಾಡದ ಊರಿನಲ್ಲಿ, ಜನ ಜಾಸ್ತಿ ಕೊಳ್ಳದ ಸಾಮಾನಿನಲ್ಲಿ ಅದು ಹಳಸಿರುತ್ತದೆ. ಪ್ರತಿ ದರದ ಜೊತೆ ಅದರ ತಾರೀಕೂ ಬರುತ್ತದೆ, ಆ ಕಾಲಂ ಬಿಡಬೇಡಿ. ಒಂದು ದಿನಕ್ಕಿಂತ ಹಳೆಯದಾದರೆ ಸೆಲ್ ಕೆಂಪಾಗುವ ಹಾಗೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿ.

ಅದಕ್ಕಿಂತ ಕೆಟ್ಟದ್ದು ಸೊನ್ನೆ. ಯಾರೂ ನೋಡಿಲ್ಲದ ಸಾಮಾನಿಗೆ ಎಪಿಐ ದರ 0 ಅಂತ ಕೊಡುತ್ತದೆ, ತಾರೀಕು ಕ್ರಿ.ಶ. 1ನೇ ವರ್ಷ! ಶೀಟು ಅದನ್ನು ಖುಷಿಯಿಂದ ಪುಕ್ಕಟೆ ಮಾಲು ಅಂದುಕೊಂಡು, ಇದನ್ನೇ ಮಾಡಿ ಅಂತ ಪಟ್ಟಿಯ ಮೇಲೆ ತಂದು ಕೂರಿಸುತ್ತದೆ. 0 ಬಂದರೆ ಖಾಲಿ ಬಿಡು, ಲಾಭವನ್ನೂ ಲೆಕ್ಕ ಹಾಕಬೇಡ ಅಂತ ಒಂದು ಇಫ್ ಹಾಕಿ. ಮತ್ತೆ ಸರ್ವರ್ ಮೂರಿವೆ, ಮೂರಕ್ಕೂ ವಿಳಾಸ ಬೇರೆ. ಇಂಟರ್ನೆಟ್ಟಿನಲ್ಲಿ ಸಿಗುವ ರೆಡಿಮೇಡ್ ಶೀಟುಗಳು ಜಾಸ್ತಿ ಅಮೆರಿಕದ ಸರ್ವರಿನವು. ನಮ್ಮದು ಏಷ್ಯಾ, 2023ರ ಮಾರ್ಚ್‌ನಲ್ಲಿ ಶುರುವಾದದ್ದು. ಅಲ್ಲಿನ ದರಕ್ಕೂ ಇಲ್ಲಿನದಕ್ಕೂ ಸಂಬಂಧವೇ ಇಲ್ಲ.

ಕರಿ_ಇಶಾಡು

ಇಷ್ಟೆಲ್ಲ ಮಾಡುವ ಬದಲು ರೆಡಿಮೇಡ್ ಕ್ಯಾಲ್ಕುಲೇಟರ್ ಸೈಟುಗಳೇ ಇವೆ ಅಲ್ವಾ? ಅದರಲ್ಲಿ ಎಲ್ಲ ತೋರಿಸುತ್ತದೆ.

ಶಿರಸಿ_ಚಾಲಿ

ದರ, ವಾಪಸ್ ಎಲ್ಲ ತೋರಿಸುತ್ತದೆ. ನಿಮ್ಮ ಚೆಸ್ಟಿನಲ್ಲಿ ಏನಿದೆ ಅಂತ ಅದಕ್ಕೆ ಹೇಗೆ ಗೊತ್ತು? ಯಾವ ಬಿಲ್ಲು ಮಾಡಬೇಕು ಅಂತ ನೋಡಲು ಸೈಟು ಸಾಕು. ನಾಳೆ ಬೋಟಿನವರಿಗೆ ಯಾವ ಮರ ಕಡಿಯಲು ಹೇಳಬೇಕು ಅನ್ನುವುದಕ್ಕೆ ನಿಮ್ಮದೇ ಶೀಟು ಬೇಕು. ಎರಡು ಬೇರೆ ಬೇರೆ ಕೆಲಸ. ನನ್ನ ಕೇಳಿದರೆ ಎಣಿಕೆ ಸರಿ ಆಗುವ ತನಕ ದರದ ಟ್ಯಾಬ್ ತೆರೆಯಲೇಬೇಡಿ. ಇಲ್ಲದ ಹಲಗೆಯ ಲಾಭ ನೋಡಿ ಏನು ಮಾಡುವುದು?

ಇನ್ನೊಂದು. ಲಾಗ್ ಇದ್ದರೂ ತಿಂಗಳಿಗೊಮ್ಮೆ ಚೆಸ್ಟು ತೆರೆದು ಕೈಯಾರೆ ಎಣಿಸಿ. ವ್ಯತ್ಯಾಸ ಬಂದರೆ ಹಳೇ ಸಾಲು ತಿದ್ದಬೇಡಿ. ‘ಎಣಿಕೆ ವ್ಯತ್ಯಾಸ’ ಅಂತ ಹೊಸ ಸಾಲು ಹಾಕಿ, ಪ್ಲಸ್ಸೋ ಮೈನಸ್ಸೋ. ಯಾವ ಸಾಮಾನಿನಲ್ಲಿ ಆ ಸಾಲು ಪದೇ ಪದೇ ಬರುತ್ತದೋ ಅಲ್ಲಿ ಏನೋ ಸೋರುತ್ತಿದೆ ಅಂತ ತಿಳಿಯುತ್ತದೆ.

ದೇವಿಮನೆ_ತಿರುವು

ಜಾಗದ ಕಾಲಂ ಮರೆತಿರಿ. ಫೋರ್ಟ್ ಸ್ಟರ್ಲಿಂಗಿನ ಬ್ಯಾಂಕಿನಲ್ಲಿರುವ ಹಲಗೆ ಲಿಮ್‌ಹರ್ಸ್ಟಿನ ಬಿಲ್ಲಿಗೆ ಇದ್ದೂ ಇಲ್ಲದ ಹಾಗೆ. ಅದು ಗಿಲ್ಡ್ ಚೆಸ್ಟಿನ ಲಾಗಿನಲ್ಲೂ ಬರುವುದಿಲ್ಲ, ಅವರವರ ಸ್ವಂತ ಬ್ಯಾಂಕು. ಹಲಗೆ ಮಾಡುವ ಇಬ್ಬರ ಹತ್ತಿರ ಕೇಳಿ, ನಿಮ್ಮ ಕಾಣೆಯಾದ ಸೀಡರ್ ಅಲ್ಲೇ ಸಿಗಬಹುದು. ಜೊತೆಗೆ ರೆಸಿಪಿ ಟ್ಯಾಬಿನಲ್ಲಿ ತೂಕದ ಕಾಲಂ ಒಂದು ಇರಲಿ. ಎತ್ತಿನ ಮೇಲೆ ಎಷ್ಟು ಹಿಡಿಯುತ್ತದೆ ಅಂತ ನನಗೆ ಪ್ರತಿ ಸಲ ಅಂದಾಜು ಹೊಡೆಯುವುದು ಸಾಕಾಗಿದೆ.

ಬೋಟು_ಕಟ್ಟಿದವ

ಇಷ್ಟು ಓದಿದ ಮೇಲೆ ನನಗೆ ಉಳಿದದ್ದು ಒಂದೇ. ನಾನು ಏನೂ ಬರೆಯಬೇಕಾಗಿಲ್ಲ, ಸುಮ್ನೆ ಚೆಸ್ಟಿಗೆ ಹಾಕಿದರೆ ಸಾಕು. ಸರಿ ಅಲ್ವಾ?

ಶಿರಸಿ_ಚಾಲಿ

ಸರಿ. ಚೆಸ್ಟಿಗೇ ಹಾಕಬೇಕು, ಗೆಳೆಯನ ಕೈಗೆ ಅಲ್ಲ.

ಕೋಡಿಬಾಗ_ಕಟ್ಟೆ

ನಿನ್ನೆ ರಾತ್ರಿ ಕೂತು ಮಾಡಿದೆ. ನಡುವೆ ಮಳೆಗೆ ಕರೆಂಟ್ ಹೋಯಿತು, ಉಳಿದದ್ದು ಫೋನಿನಲ್ಲಿ ಮುಗಿಸಿದೆ. ‘ಇರುವುದು’ ಕಾಲಂ ಕಿತ್ತು ಹಾಕಿ ಲಾಗ್ ಪೇಸ್ಟ್ ಮಾಡಿದೆ. ಹೆಸರುಗಳಿಗೆ ಕೋಡ್ ಕೊಟ್ಟ ಕೂಡಲೇ ಪೈನ್ ಹಲಗೆಯ ಮೂರು ಸಾಲು ಒಂದಾಯಿತು. ತಿರುವಣ್ಣ ಹೇಳಿದ್ದೂ ನಿಜ, ಸೀಡರ್ ಹಲಗೆ ಒಂದಷ್ಟು ಫೋರ್ಟ್ ಸ್ಟರ್ಲಿಂಗಿನ ಬ್ಯಾಂಕಿನಲ್ಲಿ ಕೂತಿತ್ತು. ಅದಕ್ಕೂ ಒಂದು ಜಾಗ ಅಂತ ಸಾಲು ಹಾಕಿದೆ.

ಈಗ ಮುಂದಿನ ಕಂತು. ಹತ್ತು ಟಿ5 ಬಿಲ್ಲು ಬೇಕು. ಒಂದಕ್ಕೆ 32 ಹಲಗೆ, ಒಟ್ಟು 320. ಲಿಮ್‌ಹರ್ಸ್ಟಿನಲ್ಲಿ ಬಿಲ್ಲಿಗೆ ಬೋನಸ್ ಸೇರಿ 24.8 ಶೇಕಡಾ ವಾಪಸ್, ಅಂದರೆ ನಿಜವಾಗಿ ಖರ್ಚಾಗುವುದು ಸುಮಾರು 241. ಪೂರ್ತಿ ಕಾಡಿನಿಂದಲೇ ಶುರು ಮಾಡಿದರೆ ಸೀಡರ್ 458, ಪೈನ್ 193, ಚೆಸ್ಟ್‌ನಟ್ 122, ಬರ್ಚ್ 39 ಅಂತ ಶೀಟು ಹೇಳುತ್ತಿದೆ. ಬ್ಯಾಂಕಿನ ಹಲಗೆ ಕಳೆದರೆ ಇನ್ನೂ ಕಡಿಮೆ. ತಿರುವಣ್ಣ, ಒಮ್ಮೆ ನೋಡಿ ಸರಿ ಇದೆಯಾ?

ದೇವಿಮನೆ_ತಿರುವು

ಸರಿ ಇದೆ. ಆದರೆ ಬಿಲ್ಲು ಮಾಡುವವನಿಗೆ ಶುರುವಿಗೆ 241 ಅಲ್ಲ, ಇನ್ನೊಂದು 30 ಜಾಸ್ತಿ ಕೊಡಿ. ಕೊನೆಯ ಬಿಲ್ಲಿಗೆ 32 ಒಟ್ಟಿಗೆ ಬೇಕು, ವಾಪಸ್ ಬಂದದ್ದು 20ಕ್ಕೆ ನಿಂತರೆ ಅವ ಅಲ್ಲೇ ಕೂರಬೇಕಾಗುತ್ತದೆ. ಉಳಿದದ್ದು ಚೆಸ್ಟಿಗೆ ವಾಪಸ್ ಹಾಕಲಿ.

ನಾಳೆ ರಾತ್ರಿ ಎತ್ತು ಹೊರಡುತ್ತದೆ. ಸೀಡರ್ ಹಾಕುವವರು 9 ಗಂಟೆ ಒಳಗೆ ಹಾಕಿ. ಬರ್ಚ್ ಯಾರೂ ತರಬೇಡಿ.